ಅಕ್ಕನ ಸರದಿ

ನನ್ನ ಅಕ್ಕನ ಮನೆ ಬಾಗಿಲ ಮೇಲೆ ಒಂದು ಬೋರ್ಡ್ ಇದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಭಾವನ ಹೆಸರು, ಕೆಳಗೆ ಸಣ್ಣದಾಗಿ ‘ಪಿಟೀಲು ಶಾಲೆ’ ಎಂದು ಬರೆದಿದೆ. ಆ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವಳು ಅಕ್ಕ. ಭಾವ ಪಾಠ ಹೇಳಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಬೇಕಾದರೆ ಕಾಲ್ಬೆರಳನ್ನೂ ಸೇರಿಸಿಕೊಳ್ಳಿ ಎನ್ನುತ್ತೇನೆ ನಾನು. ನನಗೆ ಬಾಯಿ ಸ್ವಲ್ಪ ಜಾಸ್ತಿ. ಹೊಲಿಗೆ ಅಂಗಡಿ ಇಟ್ಟು ಬದುಕುವವಳು, ಮದುವೆಯಾಗಿಲ್ಲ, ಯಾರ ಮುಲಾಜಿಗೂ ಬಿದ್ದವಳಲ್ಲ. ಭಾವ ನನ್ನನ್ನು ಕರೆಯುವುದೇ ‘ಕತ್ತರಿ’ ಎಂದು.

ನಾವು ಇಬ್ಬರೇ ಮಕ್ಕಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಯಾರೋ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಪಿಟೀಲೊಂದು ಕೇಳುವವರಿಲ್ಲದೆ ಡಿಪೋದ ಕಪಾಟಿನಲ್ಲಿ ಬಿದ್ದಿತ್ತು. ಕೊನೆಗೆ ಅಲ್ಲಿಯವರು ಅದನ್ನು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ಮನೆಗೆ ತಂದು, ‘ಜಗಳ ಆಡಬೇಡಿ, ಒಂದು ದಿನ ಅವಳು, ಒಂದು ದಿನ ಇವಳು’ ಎಂದರು. ನನ್ನ ದಿನ ಬಂದಾಗ ನಾನು ತಂತಿ ಎಳೆದರೆ ಪಕ್ಕದ ಮನೆಯ ನಾಯಿ ಊಳಿಡುತ್ತಿತ್ತು. ಒಂದೇ ವಾರದಲ್ಲಿ ನನ್ನ ದಿನಗಳನ್ನೂ ಅಕ್ಕನಿಗೇ ಕೊಟ್ಟುಬಿಟ್ಟೆ. ಅವಳ ಬದುಕಿನಲ್ಲಿ ಅವಳಿಗೆ ಯಾರಾದರೂ ಸರದಿ ಬಿಟ್ಟುಕೊಟ್ಟಿದ್ದರೆ ಅದು ನಾನೊಬ್ಬಳೇ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ಕಲಿಯುವ ವಯಸ್ಸು ದಾಟುವ ಮೊದಲೇ ಅಕ್ಕ ಒಂದು ನೃತ್ಯ ತಂಡಕ್ಕೆ ಸೇರಿದಳು. ಊರೂರು ತಿರುಗುವ ತಂಡ. ಹನ್ನೆರಡು ಹುಡುಗಿಯರು ಕುಣಿಯುತ್ತಿದ್ದರು. ಒಂದು ಪಕ್ಕದಲ್ಲಿ ಕೊಳಲು, ಡೋಲು, ಎರಡು ಪಿಟೀಲು. ತಂಡ ಕಟ್ಟಿದ ಹೆಂಗಸನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಗಟ್ಟಿಗಿತ್ತಿ, ಮಾತು ಕಡಿಮೆ. ಮೇಡಂ ಅಕ್ಕನನ್ನು ಮೊದಲ ಪಿಟೀಲಿನ ಕುರ್ಚಿಯಲ್ಲಿ ಕೂರಿಸಿದರು. ಎರಡನೇ ಕುರ್ಚಿಗೆ ಆಮೇಲೆ ಬಂದವರು ಭಾವ. ಗಮನಿಸಿ, ಎರಡನೇ ಕುರ್ಚಿ. ಈಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಆ ತಂಡಕ್ಕೆ ಹೆಸರು ತಂದದ್ದು ಒಂದು ಹಕ್ಕಿಗಳ ನೃತ್ಯ. ಅದರ ರಾಗ ಪಿಟೀಲಿನದು. ಮೆಲ್ಲಗೆ ಶುರುವಾಗಿ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋಗುತ್ತದೆ. ತುತ್ತತುದಿ ಮುಟ್ಟಿದಾಗ ಹನ್ನೆರಡೂ ಹುಡುಗಿಯರು ಒಟ್ಟಿಗೆ ಹಾರುತ್ತಾರೆ. ತಕ್ಷಣ ರಾಗ ಜಾರಿ ಇಳಿಯುತ್ತದೆ, ಅದರ ಮೇಲೆಯೇ ಅವರ ಕಾಲು ನೆಲಕ್ಕೆ ತಾಗುತ್ತದೆ. ಅಕ್ಕ ಅದನ್ನು ನುಡಿಸುವಾಗ ನೋಡಬೇಕಿತ್ತು. ಹುಡುಗಿಯರನ್ನು ಎತ್ತಿ ಎಸೆದು ತಾನೇ ಹಿಡಿದುಕೊಳ್ಳುತ್ತಿದ್ದಾಳೆ ಎನ್ನಿಸುತ್ತಿತ್ತು.

ಅಕ್ಕಪಕ್ಕ ಕೂತವರು ಮದುವೆಯಾದರು. ಭಾವ ನೋಡಲು ಚೆಂದ, ಮಾತು ಇನ್ನೂ ಚೆಂದ. ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಕುಡಿಯುವವರಲ್ಲ, ಕೈ ಎತ್ತುವವರಲ್ಲ, ತಮ್ಮ ಅಂಗಿ ತಾವೇ ಒಗೆದುಕೊಳ್ಳುತ್ತಿದ್ದರು. ಬರೀ ಕೆಟ್ಟವರಾಗಿದ್ದರೆ ನನಗೆ ಬೈಯುವುದು ಸುಲಭವಾಗುತ್ತಿತ್ತು.

ಮಗಳು ಹುಟ್ಟಿದಳು. ಹಕ್ಕಿಗಳ ನೃತ್ಯದ ನೆನಪಿಗೆ ಅವಳನ್ನು ಗುಬ್ಬಿ ಎಂದು ಕರೆದೆವು. ಗುಬ್ಬಿಗೆ ಕೆಲವೇ ತಿಂಗಳಲ್ಲಿ ಉಬ್ಬಸ ಶುರುವಾಯಿತು. ಎದೆ ಒಳಗೆ ಹೋಗುವುದು, ತುಟಿ ನೀಲಿಯಾಗುವುದು, ನಾವು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವುದು. ಇಂಥ ಮಗುವನ್ನು ಕಟ್ಟಿಕೊಂಡು ಊರೂರು ತಿರುಗಲು ಆಗುವುದಿಲ್ಲ, ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕು. ಆ ಮಾತು ಅಕ್ಕನ ಅಡುಗೆಮನೆಯಲ್ಲಿ ನನ್ನ ಎದುರೇ ನಡೆಯಿತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

‘ಮಗು ಶಾಲೆಗೆ ಸೇರೋವರೆಗೂ ನಾನು ತಂಡದ ಜೊತೆ ಹೋಗ್ತೀನಿ,’ ಎಂದರು ಭಾವ. ‘ಶಾಲೆಗೆ ಸೇರಿದ ಮೇಲೆ ನಾನು ಮನೇಲಿ, ನೀನು ತಂಡದಲ್ಲಿ. ಆಮೇಲೆ ನಿನ್ನ ಸರದಿ. ಸರಿ ತಾನೇ?’

‘ಸರಿ,’ ಎಂದಳು ಅಕ್ಕ.

‘ಬರೆದುಕೊಡಿ ಭಾವ,’ ಎಂದೆ ನಾನು.

‘ಕತ್ತರಿ, ಇದು ಸಂಸಾರ. ನಿನ್ನ ಅಂಗಡಿ ರಸೀದಿ ಅಲ್ಲ,’ ಎಂದು ನಕ್ಕರು. ಅಕ್ಕನೂ ನಕ್ಕಳು. ನಾನು ಈರುಳ್ಳಿಯ ಕಡೆ ನೋಡಿದೆ.

ಭಾವ ಹೋದರು. ಅಕ್ಕನ ಕುರ್ಚಿಯಲ್ಲಿ ಕೂತರು. ಅಕ್ಕ ಕೈಗೆ ಅಭ್ಯಾಸ ತಪ್ಪಬಾರದೆಂದು ಮನೆಯ ಮುಂದಿನ ಕೋಣೆಯಲ್ಲಿ ಪಾಠ ಶುರುಮಾಡಿದಳು. ಬೋರ್ಡಿಗೆ ಭಾವನ ಹೆಸರು ಹಾಕಿಸಿದ್ದು ಅವಳೇ. ತಂಡದ ಪೋಸ್ಟರಿನಲ್ಲಿ ಬರುತ್ತಿದ್ದದ್ದು ಅವರ ಹೆಸರು, ಅದನ್ನು ನೋಡಿ ನಾಲ್ಕು ಮಕ್ಕಳು ಬರುತ್ತಾರೆ ಎಂಬುದು ಅವಳ ಲೆಕ್ಕ. ಮಕ್ಕಳಿಗೆ ಏನು ಹೇಳಿಕೊಟ್ಟರೂ ‘ಇದು ಸರ್ ಪಾಠ’ ಎನ್ನುತ್ತಿದ್ದಳು. ಆ ಸರ್ ಆಗ ಯಾವುದೋ ಊರಿನ ಯಾವುದೋ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಆ ಮನೆಯಲ್ಲಿ ಕೆಸರಾದ ಕೈ ಅಕ್ಕನದು, ಮೊಸರಾದ ಬಾಯಿ ಭಾವನದು.

ಮುಂದಿನ ಕೋಣೆಗೂ ಒಳಗಿನ ಸಣ್ಣ ಕೋಣೆಗೂ ನಡುವೆ ಒಂದು ಬಾಗಿಲು. ಅದರ ಮರ ಉಬ್ಬಿ ಪೂರ್ತಿ ಮುಚ್ಚುತ್ತಿರಲಿಲ್ಲ. ಗುಬ್ಬಿ ಒಳಗೆ ಮಲಗಿರುತ್ತಿದ್ದಳು. ಸಂಜೆ ಅಂಗಡಿ ಮುಚ್ಚಿ ನಾನು ಬರುವವರೆಗೂ ಅಕ್ಕ ಒಬ್ಬಳೇ ಪಾಠವನ್ನೂ ಮಗುವನ್ನೂ ನೋಡಿಕೊಳ್ಳಬೇಕು. ಎಲ್ಲ ಮಕ್ಕಳಿಗೂ ಹಕ್ಕಿಗಳ ರಾಗವೇ ಬೇಕು. ಅಕ್ಕ ಒಂದು ಸಾಲು ನುಡಿಸುತ್ತಾಳೆ, ಮಕ್ಕಳು ಹಿಂದೆಯೇ ನುಡಿಸುತ್ತಾರೆ. ರಾಗ ಏರಿ ಏರಿ ತುದಿ ಮುಟ್ಟುವ ಹೊತ್ತಿಗೆ ಕೋಣೆಯೆಲ್ಲ ಸದ್ದು ತುಂಬಿ, ಒಳಗಿನಿಂದ ಏನೂ ಕೇಳಿಸುವುದಿಲ್ಲ. ಆಗ ಅಕ್ಕ ಪಿಟೀಲಿನ ಕಮಾನು ಮೇಲೆತ್ತಿ ಬಾಗಿಲ ಕಡೆ ಕಿವಿ ಕೊಡುತ್ತಿದ್ದಳು. ಮಗು ಒಂದು ಸಲ ಉಸಿರು ಎಳೆದು ಬಿಟ್ಟದ್ದು ಸರಾಗವಾಗಿ ಕೇಳಿಸಿದರೆ ಕಮಾನು ಮತ್ತೆ ತಂತಿಗಿಳಿಯುತ್ತಿತ್ತು. ಗೊರಗೊರ ಎಂದರೆ ಪಿಟೀಲನ್ನು ಹತ್ತಿರದ ಮಗುವಿನ ಮಡಿಲಿಗೆ ಹಾಕಿ ಒಳಗೆ ಓಡುತ್ತಿದ್ದಳು.

ಹೆಚ್ಚಿನ ದಿನ ಉಸಿರು ಸರಾಗವಾಗಿಯೇ ಇರುತ್ತಿತ್ತು. ಟೀಚರ್ ಕಮಾನು ಎತ್ತಿದಾಗ ಮಕ್ಕಳೂ ಎತ್ತಿದರು, ಟೀಚರ್ ಇಳಿಸಿದಾಗ ಇಳಿಸಿದರು. ಹೀಗೆ ಆ ನಿಲುಗಡೆಯೂ ಪಾಠದೊಳಗೆ ಸೇರಿಹೋಯಿತು. ಹಳೆಯ ಮಕ್ಕಳು ಹೋದರು, ಹೊಸಬರು ಬಂದರು, ಅವರೂ ಅಲ್ಲಿ ನಿಲ್ಲುವುದನ್ನು ಕಲಿತರು. ಅಕ್ಕನಿಗೆ ತಾನು ನಿಲ್ಲುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ನನಗಂತೂ ಸಂಗೀತದ ಕಿವಿಯೇ ಇಲ್ಲ.

ಭಾವ ಎರಡು ಪ್ರವಾಸದ ನಡುವೆ ಮನೆಗೆ ಬರುತ್ತಿದ್ದರು, ನೆಂಟರು ಬಂದ ಹಾಗೆ. ಐದು ವರ್ಷದ ಮಗಳಿಗೆ ಎರಡು ವರ್ಷದವರ ಗಿಲಕಿ ತರುವುದು, ‘ಈಗ ನಿನಗೆ ಎಷ್ಟು ವರ್ಷ ಪುಟ್ಟಾ?’ ಎಂದು ಪ್ರತಿ ಸಲ ಕೇಳುವುದು, ಸೋರುವ ನಲ್ಲಿ ಸರಿಮಾಡಿ ಇಡೀ ಬೀದಿಗೆ ಹೇಳಿಕೊಂಡು ಬರುವುದು. ಅವರಿದ್ದ ದಿನ ಮಕ್ಕಳು ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಅಂಥ ಒಂದು ದಿನ ಹಕ್ಕಿಗಳ ರಾಗದ ತುದಿಯಲ್ಲಿ ಎಲ್ಲರೂ ಕಮಾನು ಎತ್ತಿ ನಿಂತುಬಿಟ್ಟರು. ಭಾವ ತೊಡೆ ಬಡಿದು ನಿಲ್ಲಿಸಿದರು.

‘ಯಾರು ಹೇಳಿಕೊಟ್ಟಿದ್ದು ಇಲ್ಲಿ ನಿಲ್ಲೋಕೆ?’

‘ನೀವೇ ಸರ್,’ ಎಂದಳು ಒಬ್ಬ ಹುಡುಗಿ. ‘ಟೀಚರ್ ಹೇಳಿದ್ರು, ಇದು ಸರ್ ಪಾಠ ಅಂತ.’

ಭಾವ ನಕ್ಕುಬಿಟ್ಟರು. ಊಟಕ್ಕೆ ಕೂತಾಗ ಅಕ್ಕನಿಗೆ, ‘ಅಲ್ಲಿ ನಿಲ್ಲಬಾರದು ಕಣೆ, ತಿದ್ದು ಅವರನ್ನ,’ ಎಂದರು. ‘ಎಲ್ಲಿ?’ ಎಂದಳು ಅಕ್ಕ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಭಾವನಿಗೆ ರೈಲಿಗೆ ಹೊತ್ತಾಗಿತ್ತು. ಮಾತು ಅಲ್ಲಿಗೇ ನಿಂತಿತು.

ಗುಬ್ಬಿ ಶಾಲೆಗೆ ಸೇರಿದಳು. ಅಕ್ಕ ಕಾದಳು. ‘ಈಗ ತಾನೇ ಮೊದಲ ಕುರ್ಚಿ ಗಟ್ಟಿಯಾಗಿದೆ, ಇದೊಂದು ವರ್ಷ ಇರಲಿ,’ ಎಂದರು ಭಾವ. ಮರುವರ್ಷ ತಂಡಕ್ಕೆ ವಿದೇಶದಿಂದ ಕರೆ ಬಂತು, ಅದನ್ನು ಯಾರಾದರೂ ಬಿಡುತ್ತಾರೆಯೇ. ಅದರ ಮರುವರ್ಷ ಭಾವನ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಅವರನ್ನು ಮಲಗಿದಲ್ಲೇ ನೋಡಿಕೊಂಡವಳು ಸೊಸೆ, ಮಗ ಫೋನಿನಲ್ಲಿ ಅತ್ತರು. ಆಮೇಲೆ ‘ಮಕ್ಕಳೆಲ್ಲ ನಿನಗೆ ಒಗ್ಗಿಹೋಗಿದ್ದಾರೆ, ನಾನು ಕೂತರೆ ಬಿಟ್ಟುಹೋಗ್ತಾರೆ’ ಎಂಬ ಹೊಸ ರಾಗ ಶುರುವಾಯಿತು. ಪ್ರತಿ ವರ್ಷ ಮೂಗಿಗೆ ಒಂದಿಷ್ಟು ತುಪ್ಪ. ನಾನು ಜಗಳ ತೆಗೆದರೆ ಅಕ್ಕನೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ‘ಮುಂದಿನ ವರ್ಷ ಕಣೆ. ಮಾತು ಕೊಟ್ಟಿದ್ದಾರೆ.’ ಕೊಟ್ಟ ಮಾತನ್ನು ಅವಳು ಬ್ಯಾಂಕಿನಲ್ಲಿಟ್ಟ ಹಣ ಎಂದುಕೊಂಡಿದ್ದಳು, ಎಂದಾದರೂ ಹೋಗಿ ತೆಗೆಯಬಹುದು ಅಂತ.

ಗುಬ್ಬಿಗೆ ಹದಿನಾಲ್ಕು ತುಂಬಿದ ವರ್ಷ ಭಾವನ ಬಲ ಭುಜ ಹಿಡಿದುಕೊಂಡಿತು. ಕೈ ಎತ್ತಿದರೆ ಪ್ರಾಣ ಹೋಗುವಷ್ಟು ನೋವು. ಆ ಪ್ರವಾಸ ಪೂರ್ತಿ ಪಿಟೀಲು ಮುಟ್ಟಬಾರದು ಎಂದರು ಡಾಕ್ಟರು. ತಂಡ ಹೊರಡಲು ಸಿದ್ಧವಾಗಿತ್ತು. ಮೇಡಂ ತಾವೇ ಅಕ್ಕನಿಗೆ ಫೋನ್ ಮಾಡಿದರು.

‘ನೀನೇ ಬಾ,’ ಎಂದರಂತೆ. ‘ಅದು ನಿನ್ನ ಕುರ್ಚಿ ತಾನೇ.’

ಅಕ್ಕ ಮೊದಲು ಓಡಿ ಬಂದದ್ದು ನನ್ನ ಅಂಗಡಿಗೆ. ಬಂದವಳೇ ಸ್ಟೂಲಿನ ಮೇಲೆ ಕೂತು, ಒಂದು ಚೂರು ಬಟ್ಟೆಯನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದಳು. ‘ಹೋಗ್ತಾ ಇದ್ದೀನಿ ಕಣೆ,’ ಎಂದಳು ಕೊನೆಗೆ. ನಾನು ಕೈಯಲ್ಲಿದ್ದ ಗಿರಾಕಿಯ ಕೆಲಸ ಪಕ್ಕಕ್ಕಿಟ್ಟು ಅವಳ ಅಳತೆ ತೆಗೆದೆ. ಅವಳ ಭುಜ ಎಷ್ಟು ಸಣ್ಣಗಾಗಿದೆ ಎಂದು ಆವತ್ತೇ ನನಗೆ ತಿಳಿದದ್ದು. ಭಾವನೂ ಬೇಡ ಎನ್ನಲಿಲ್ಲ. ಗುಬ್ಬಿಗೆ ಉಬ್ಬಸ ಹೆಚ್ಚುಕಡಿಮೆ ಬಿಟ್ಟೇಹೋಗಿತ್ತು. ‘ಹೋಗಮ್ಮ, ಅಪ್ಪನಿಗೆ ಅನ್ನ ಮಾಡೋದು ನಾನು ಕಲಿಸ್ತೀನಿ,’ ಎಂದಳು.

ತಾಲೀಮಿಗೆ ನಾನೂ ಜೊತೆಗೆ ಹೋದೆ. ಮರದ ನೆಲದ ದೊಡ್ಡ ಹಾಲು, ಒಂದು ಗೋಡೆ ತುಂಬಾ ಕನ್ನಡಿ, ಹುಡುಗಿಯರು ನಿಲ್ಲುವ ಕಡೆ ನೆಲಕ್ಕೆ ಅಂಟಿಸಿದ ಬಣ್ಣದ ಟೇಪು. ಅಕ್ಕ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಮೊದಲ ಮೂರು ನೃತ್ಯ ಬೆಣ್ಣೆಯ ಹಾಗೆ ಹೋದವು. ಮೇಡಂ ಕಣ್ಣಲ್ಲೇ ಮೆಚ್ಚಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಹಕ್ಕಿಗಳ ನೃತ್ಯ. ರಾಗ ಏರಿತು, ತುದಿ ಮುಟ್ಟಿತು, ಹನ್ನೆರಡು ಹುಡುಗಿಯರು ಹಾರಿದರು. ಅಕ್ಕನ ಕಮಾನು ಮೇಲಕ್ಕೆದ್ದು ನಿಂತಿತು. ಹುಡುಗಿಯರು ನಿಶ್ಶಬ್ದದಲ್ಲಿ ಧಡಧಡ ಎಂದು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನೆಲಕ್ಕೆ ಬಿದ್ದರು.

ಇನ್ನೊಂದು ಸಲ ಮಾಡಿದರು, ಮತ್ತೆ ಅದೇ ಆಯಿತು. ಮೂರನೇ ಸಲ ಅಕ್ಕ ಹಲ್ಲುಕಚ್ಚಿ ಕಮಾನನ್ನು ತಂತಿಗೆ ಒತ್ತಿದಳು. ಕಿರ್ರ್ ಎಂದು ಜಾರಿತು.

ಮೇಡಂ ಹತ್ತಿರ ಬಂದರು. ‘ಅಲ್ಲಿ ಯಾಕೆ ನಿಲ್ತೀಯ? ಆ ಹೊತ್ತಿಗೆ ನನ್ನ ಹುಡುಗೀರು ಗಾಳೀಲಿ ಇರ್ತಾರೆ. ಗಾಳೀಲಿರೋರು ನಿನಗೋಸ್ಕರ ಕಾಯೋಕಾಗಲ್ಲ.’

‘ಗೊತ್ತು ಮೇಡಂ. ಆದ್ರೆ ಕೈ ನಿಲ್ಲುತ್ತೆ.’

ವಾರದ ಕೊನೆಗೆ ಇನ್ನೊಮ್ಮೆ ನೋಡೋಣ ಎಂದರು ಮೇಡಂ. ಬಸ್ಸಿನಲ್ಲಿ ಅಕ್ಕ ಪಿಟೀಲಿನ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಆ ರಾಗವನ್ನು ಮತ್ತೆ ಮತ್ತೆ ತಟ್ಟಿ ನೋಡಿದಳು. ಆಮೇಲೆ, ‘ನಾನು ಗುಬ್ಬಿ ಉಸಿರು ಕೇಳೋಕೆ ನಿಲ್ತಿದ್ದೆ ಕಣೆ,’ ಎಂದಳು, ಕಳೆದುಹೋದ ವಸ್ತು ತನ್ನ ಚೀಲದಲ್ಲೇ ಸಿಕ್ಕವಳ ಹಾಗೆ. ‘ಇಷ್ಟು ವರ್ಷ ಅಲ್ಲಿ ನಿಂತೂ ನಿಂತೂ, ಈಗ ನಿಲ್ಲದೆ ದಾಟೋಕೆ ಬರ್ತಿಲ್ಲ.’

ಆ ವಾರವಿಡೀ ನಾನು ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಅವಳೆದುರು ಕೂತು ಚಪ್ಪಾಳೆ ತಟ್ಟಿದೆ. ಗುಬ್ಬಿ ಶಾಲೆಗೆ ಹೋದ ಮೇಲೆ ನುಡಿಸಿದರೆ ಅಕ್ಕನ ಕೈ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಒಳಗಿನ ಕೋಣೆ ಖಾಲಿ, ಕೇಳಿಸಬೇಕಾದ ಉಸಿರೇ ಇಲ್ಲ, ಕೈ ಸುಮ್ಮನೆ ಕಾಯುತ್ತಿತ್ತು. ದಾರಿ ಕಂಡುಹಿಡಿದವಳು ಗುಬ್ಬಿ. ಒಂದು ಸಂಜೆ ಕುರ್ಚಿ ಎಳೆದುಕೊಂಡು ಬಂದು ಅಮ್ಮನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ‘ನೋಡು, ಉಸಿರಾಡ್ತಾನೇ ಇದ್ದೀನಿ. ನುಡಿಸು,’ ಎಂದಳು. ಅಕ್ಕ ದಾಟಿದಳು. ಮತ್ತೆ ನುಡಿಸಿದಳು, ಮತ್ತೆ ದಾಟಿದಳು. ಮೂವರೂ ಹುಚ್ಚರ ಹಾಗೆ ನಕ್ಕೆವು.

ವಾರದ ಕೊನೆಗೆ ಗುಬ್ಬಿ ಶಾಲೆ ತಪ್ಪಿಸಿ ನಮ್ಮ ಜೊತೆ ಬಂದಳು. ಹಾಲಿನಲ್ಲಿ ಅಮ್ಮನಿಗೆ ನೇರ ಕಾಣುವ ಹಾಗೆ ಕೂತಳು. ರಾಗ ಏರಿತು, ಹುಡುಗಿಯರು ಹಾರಿದರು, ಅಕ್ಕ ಜಾರಿ ಇಳಿದಳು, ಹನ್ನೆರಡು ಜೊತೆ ಕಾಲು ಒಂದೇ ಸದ್ದಿನಲ್ಲಿ ನೆಲ ಮುಟ್ಟಿತು. ಮೇಡಂ ನಕ್ಕರು. ‘ಇದು ನನಗೆ ಗೊತ್ತಿರೋ ಪಿಟೀಲು,’ ಎಂದರು. ‘ಹುಡುಗೀರಿಗೆ ಕಾಲು ಕೂರಲಿ, ಇನ್ನೊಂದೇ ಸಲ.’

ಹುಡುಗಿಯರ ಕಾಲಿನಿಂದ ಎದ್ದ ಧೂಳು ಬಿಸಿಲಿನಲ್ಲಿ ಕಾಣುತ್ತಿತ್ತು. ಎರಡನೇ ಸಲ ರಾಗ ಅರ್ಧಕ್ಕೆ ಬಂದಾಗ ಗುಬ್ಬಿಗೆ ಕೆಮ್ಮು ಒತ್ತಿಕೊಂಡು ಬಂತು. ಕೆಮ್ಮಿದರೆ ಅಮ್ಮನಿಗೆ ತೊಂದರೆ ಎಂದು ಆ ಮಗು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮೆಲ್ಲಗೆ ಎದ್ದು ಹೊರಗೆ ಹೋದಳು. ನಾನು ಕೈ ಹಿಡಿಯುವಷ್ಟರಲ್ಲಿ ಬಾಗಿಲು ದಾಟಿದ್ದಳು. ಅಕ್ಕ ತುದಿ ಮುಟ್ಟಿ ತಲೆ ಎತ್ತಿದಳು. ಎದುರಿನ ಕುರ್ಚಿ ಖಾಲಿ. ಕಮಾನು ನಿಂತಿತು. ಒಬ್ಬ ಹುಡುಗಿ ಕಾಲು ಉಳುಕಿಸಿಕೊಂಡು ಅಲ್ಲೇ ಕೂತುಬಿಟ್ಟಳು.

ಮೇಡಂ ಬೈಯಲಿಲ್ಲ. ಆ ಹುಡುಗಿಯ ಕಾಲಿಗೆ ಮಂಜುಗಡ್ಡೆ ಹಿಡಿಸಿ ಬಂದು, ಅಕ್ಕನ ಪಕ್ಕ ಕೂತು ಮೆಲ್ಲಗೆ ಕೇಳಿದರು. ‘ಮಗಳನ್ನ ಪ್ರವಾಸಕ್ಕೆ ಕರ್ಕೊಂಡು ಬರೋಕಾಗುತ್ತಾ?’ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಂಡ ಬೇರೆ ಯಾರನ್ನೋ ಕೂರಿಸಿಕೊಂಡು ಹೊರಟಿತು. ಗುಬ್ಬಿ ನನ್ನ ಅಂಗಡಿಯ ಮೂಲೆಯಲ್ಲಿ ಕೂತು, ‘ನಾನು ಕೆಮ್ಮು ತಡ್ಕೋಬೇಕಿತ್ತು ಚಿಕ್ಕಮ್ಮ,’ ಎಂದು ಅಳುತ್ತಿದ್ದಳು. ಹದಿನಾಲ್ಕು ವರ್ಷದ ಮಗುವಿನ ತಲೆ ಮೇಲೆ ಆ ಭಾರ ಬಂದು ಕೂತಿತಲ್ಲ, ಅದಕ್ಕೆ ನಾನು ಯಾರನ್ನು ಕ್ಷಮಿಸಲಿ.

ಭಾವ ಮನೆಯಲ್ಲಿ ಭುಜಕ್ಕೆ ಶಾಖ ಕೊಟ್ಟುಕೊಳ್ಳುತ್ತಾ ಕೂತಿದ್ದರು. ಅಕ್ಕ ಎಲ್ಲವನ್ನೂ ಹೇಳಿದಳು. ಒಳಕೋಣೆ, ಬಾಗಿಲು, ಉಸಿರು, ಯಾವುದನ್ನೂ ಬಿಡದೆ ಹೇಳಿದಳು. ಅವರ ಕಣ್ಣು ತುಂಬಿ ಬಂತು. ‘ಬಿಡು, ಬೇಜಾರು ಮಾಡ್ಕೋಬೇಡ,’ ಎಂದರು. ‘ಎಲ್ಲರಿಗೂ ಎಲ್ಲಾ ಆಗಲ್ಲ. ನಿನಗೆ ಪಾಠ ಹೇಳೋದು ಚೆನ್ನಾಗಿ ಬರುತ್ತೆ.’ ಆ ಕಣ್ಣೀರು ನೋಡಿ ಇವರಿಗೆ ಅರ್ಥವಾಯಿತು ಎಂದುಕೊಂಡೆ. ಅರ್ಥವಾಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ.

ಭುಜ ವಾಸಿಯಾಯಿತು. ಕೆಲವು ವರ್ಷ ತಂಡದ ಜೊತೆ ತಿರುಗಿ, ಭಾವ ಒಬ್ಬರೇ ಕಾರ್ಯಕ್ರಮ ಕೊಡಲು ಶುರುಮಾಡಿದರು. ಅಲ್ಲಿ ಕುಣಿಯುವವರಿಲ್ಲ, ಗಾಳಿಯಲ್ಲಿರುವವರಿಲ್ಲ. ಎಲ್ಲಿ ಬೇಕಾದರೂ ನಿಲ್ಲಬಹುದು. ಹಕ್ಕಿಗಳ ರಾಗದ ತುದಿಯಲ್ಲಿ ಭಾವ ಕಮಾನು ಎತ್ತಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತರು. ಜನ ಮೈಮರೆತರು. ಪತ್ರಿಕೆಗಳು ‘ಆ ಮೌನ’ ಎಂದು ಬರೆದವು. ದೇಶವಿಡೀ ಅದೇ ಮಾತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದೆ. ಭಾವನ ಸಂದರ್ಶನ ಬಂತು. ಆ ಮೌನ ಹೇಗೆ ಹೊಳೆಯಿತು ಎಂದು ಯಾರೋ ಕೇಳಿದರು.

‘ನಂದು ಊರೂರು ತಿರುಗೋ ಬದುಕು,’ ಎಂದಿತು ಭಾವನ ದನಿ. ‘ಮನೇಲಿ ಮಗಳಿಗೆ ಉಬ್ಬಸ. ಯಾವುದೋ ಊರಿನ ಕೋಣೇಲಿ ಕೂತು ನುಡಿಸ್ತಾ ನುಡಿಸ್ತಾ, ಅವಳು ಈಗ ಸರಿಯಾಗಿ ಉಸಿರಾಡ್ತಿದ್ದಾಳಾ ಅಂತ ಕಿವಿ ಕೊಡ್ತಿದ್ದೆ. ಅದೇ ಈ ಮೌನ.’

ಗಿರಾಕಿಯ ರೇಷ್ಮೆ ತೋಳು ಸುಟ್ಟು ಹೊಗೆ ಎದ್ದಮೇಲೆ ನನಗೆ ಎಚ್ಚರವಾಯಿತು. ಅಂಗಡಿ ಹಾಗೇ ಬಿಟ್ಟು ಅಕ್ಕನ ಮನೆಗೆ ಹೋದೆ. ಅವಳೂ ಕೇಳಿದ್ದಳು. ಮೂರು ದಿನ ಬಿಟ್ಟು ಭಾವ ಬಂದಾಗ ಊಟದ ಮೇಜಿನಲ್ಲಿ ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು, ‘ಅದು ನನ್ನದು ರೀ.’

ಭಾವ ಅವಳ ಕೈ ಮೇಲೆ ಕೈ ಇಟ್ಟರು. ‘ನಮ್ಮಿಬ್ಬರ ಮಧ್ಯೆ ನಿನ್ನದು ನನ್ನದು ಅಂತ ಇದೆಯಾ?’

ಕದ್ದವನು ಹೀಗೆ ಪ್ರೀತಿಯಿಂದ ಮಾತಾಡಿದರೆ ಕಳ್ಳ ಎನ್ನುವುದಾದರೂ ಹೇಗೆ. ನರ್ಸಿಂಗ್ ಓದಲು ಬೇರೆ ಊರಿಗೆ ಹೋಗಿದ್ದ ಗುಬ್ಬಿ ಫೋನಿನಲ್ಲಿ ಅಪ್ಪನ ಮೇಲೆ ಕೂಗಾಡಿದಳಂತೆ. ‘ನಿನ್ನ ಮೇಲಿನ ಪ್ರೀತಿಗೆ ಹೇಳಿದ್ದು ಪುಟ್ಟಾ,’ ಎಂದರಂತೆ ಅವರು. ಆಮೇಲೆ ಅವಳು ಅವರಿಗೆ ಫೋನ್ ಮಾಡುವುದನ್ನೇ ಬಿಟ್ಟಳು.

ಶಾಲೆಗೆ ಇಪ್ಪತ್ತು ವರ್ಷ ತುಂಬಿತು. ಹಳೆಯ ವಿದ್ಯಾರ್ಥಿಗಳು ಸೇರಿ ದೊಡ್ಡ ಸಭಾಂಗಣ ಹಿಡಿದು ಸರ್ ಕಾರ್ಯಕ್ರಮ ಇಟ್ಟುಕೊಂಡರು. ಭಾವನಿಗೆ ಎಲ್ಲೋ ಚುರುಕ್ ಎಂದಿರಬೇಕು. ಅಕ್ಕನಿಗೆ ಅವರಾಗಿಯೇ ಹೇಳಿದರು. ‘ಜೊತೆಯಾಗಿ ನುಡಿಸೋಣ. ಎರಡು ಪಿಟೀಲು, ಮೊದಲಿನ ಹಾಗೆ. ಚೆನ್ನಾಗಿ ಬಂದ್ರೆ ಮುಂದಿನ ಪ್ರವಾಸಕ್ಕೂ ನೀನೇ ಬಾ. ನಿನ್ನ ಸರದಿ ಬಂತು ಅಂತಿಟ್ಕೋ.’

ಅಕ್ಕನ ಮುಖದಲ್ಲಿ ಆಸೆ ಮತ್ತೆ ತಲೆ ಎತ್ತಿದ್ದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಆದರೂ ನಾನೇ ಹೇಳಿದೆ, ‘ಮಾನ ಮರ್ಯಾದೆ ಎಲ್ಲ ಆಮೇಲೆ ನೋಡೋಣ. ಸುಮ್ನೆ ನುಡಿಸಿ ಪ್ರವಾಸ ಹೋಗಿ ಬಾ.’ ಅವಳು ಮಾಡಬೇಕಾದದ್ದು ತೀರಾ ಸುಲಭ. ಭಾವ ಎಲ್ಲಿ ನಿಲ್ಲುತ್ತಾರೋ ಅಲ್ಲಿ ತಾನೂ ನಿಲ್ಲಬೇಕು. ಹಿಂದೆ ಅವಳ ಸರದಿ ಕಸಿದ ನಿಲುಗಡೆಯೇ ಈಗ ಅದನ್ನು ವಾಪಸು ಕೊಡಲು ಬಂದಿತ್ತು. ಮನೆಯ ತಾಲೀಮಿನಲ್ಲಿ ಇಬ್ಬರ ಕಮಾನೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುತ್ತಿದ್ದವು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆ ದಿನ ಸಭಾಂಗಣ ತುಂಬಿತ್ತು. ಗುಬ್ಬಿಗೆ ಪರೀಕ್ಷೆ, ಬಂದಿರಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಹಕ್ಕಿಗಳ ರಾಗಕ್ಕೆ ಮೊದಲು ಭಾವ ಮೈಕು ಹಿಡಿದು ತಮ್ಮ ಕಥೆ ಹೇಳಿದರು. ಬೇರೆ ಊರು, ಕೋಣೆ, ಉಬ್ಬಸದ ಮಗಳು. ಪಕ್ಕದಲ್ಲಿ ಅಕ್ಕ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ನನ್ನ ಹಿಂದೆ ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಶುರುಮಾಡಿದರು. ಎರಡು ಪಿಟೀಲುಗಳು ಜೊತೆಯಾಗಿ ಮೆಟ್ಟಿಲು ಹತ್ತಿದವು, ಹತ್ತಿದವು, ತುತ್ತತುದಿ ಮುಟ್ಟಿದವು. ಭಾವ ಕಮಾನು ಎತ್ತಿ ಕಣ್ಣು ಮುಚ್ಚಿದರು.

ಅಕ್ಕ ನಿಲ್ಲಲಿಲ್ಲ. ಸಭಾಂಗಣದಲ್ಲಿ ಅವಳೊಬ್ಬಳ ಪಿಟೀಲು ಜಾರಿ ಇಳಿಯಿತು, ಹನ್ನೆರಡು ಹುಡುಗಿಯರನ್ನು ನೆಲಕ್ಕೆ ಇಳಿಸಿದ ಹಾಗೆ, ಒಂದು ಸ್ವರವೂ ಅಲುಗದೆ. ಭಾವ ಕಣ್ಣು ಬಿಟ್ಟರು. ಎತ್ತಿದ ಕಮಾನು ಎಲ್ಲಿ ಇಡುವುದೆಂದು ತಿಳಿಯದೆ ತಡಕಾಡಿ, ಹೇಗೋ ಅವಳ ಹಿಂದೆ ಓಡಿ ಸೇರಿಕೊಂಡರು. ಕಿವಿಯಿಲ್ಲದ ನನಗೂ ಗೊತ್ತಾಯಿತು, ಅಷ್ಟು ಚೆನ್ನಾಗಿ ಅವಳು ಎಂದೂ ನುಡಿಸಿರಲಿಲ್ಲ.

ಜನ ಗುಸುಗುಸು ಎಂದರು. ಚಪ್ಪಾಳೆ ಕನಿಕರದ ಚಪ್ಪಾಳೆಯಾಗಿತ್ತು. ಹೊರಗೆ ಬರುವಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಇನ್ನೊಬ್ಬಳಿಗೆ, ‘ಪಾಪ, ಟೀಚರ್ ಆ ಜಾಗ ಮರೆತೇಬಿಟ್ರು, ಸರ್ ಹೇಗೋ ಸಂಭಾಳಿಸಿದ್ರು,’ ಎಂದಳು. ಭಾವ ಹೂಗುಚ್ಛ ಹಿಡಿದು ನಿಂತು, ‘ಮನೇಲೇ ಇದ್ದೂ ಇದ್ದೂ ಅವಳಿಗೆ ವೇದಿಕೆ ಭಯ,’ ಎಂದು ನಗುನಗುತ್ತಾ ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದರು.

ನಾನೂ ಅಕ್ಕನೂ ಬೇರೆ ಬಾಡಿಗೆ ಕಾರಿನಲ್ಲಿ ಮನೆಗೆ ಹೊರಟೆವು. ಅವಳು ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

‘ಬೇಕಂತಲೇ ಮಾಡಿದ್ಯಾ?’ ಎಂದು ಕೇಳಿದೆ.

‘ಇಲ್ಲ ಕಣೆ. ನಿಲ್ಲಬೇಕು ಅಂತಾನೇ ಇದ್ದೆ. ಪ್ರವಾಸ ಬೇಕಿತ್ತಲ್ಲ ನನಗೆ,’ ಎಂದಳು. ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಹೇಳಿದಳು. ‘ಅವರು ಕಮಾನು ಎತ್ತಿದ್ರು. ಕಿವಿ ಕೊಡೋಕೆ ಅಲ್ಲಿ ಏನೂ ಇರಲಿಲ್ಲ. ಕೈ ತಾನಾಗೇ ಮುಂದೆ ಹೋಯ್ತು.’

ಮುಂದಿನ ತಿಂಗಳು ಭಾವ ಪ್ರವಾಸ ಹೊರಟರು. ಎರಡನೇ ಪಿಟೀಲಿಗೆ ಶಾಲೆಯ ವಿದ್ಯಾರ್ಥಿನಿಯೊಬ್ಬಳನ್ನು ಆರಿಸಿಕೊಂಡರು. ಚುರುಕು ಹುಡುಗಿ, ಎಂಟು ವರ್ಷದವಳಿದ್ದಾಗಿನಿಂದ ಅದೇ ಮುಂದಿನ ಕೋಣೆಯಲ್ಲಿ ಕಲಿತವಳು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಅವಳಿಗೆ ಬಾಯಿಪಾಠ. ಹೇಳಿಕೊಟ್ಟವಳು ಅಕ್ಕ.